ಮೊಗ್ಗು ಕೆಳಗಾದ ಲವಂಗ

ನನ್ನ ಬಾಲ್ಯ ನೆನಪಾಗುವುದು ಒಂದು ವಾಸನೆಯಿಂದ. ಸಣ್ಣ ಉರಿಯಲ್ಲಿ ಮೈದಾ ಕುದಿದು ಅಂಟಾಗುವ ವಾಸನೆ, ಅದರ ಬೆನ್ನಿಗೇ ಲವಂಗದ್ದು. ಚಿತ್ರಗಳಿಗೆ ಕಟ್ಟು ಹಾಕುವ ಬೇರೆಲ್ಲ ಅಂಗಡಿಗಳಲ್ಲಿ ಹುಳ ಹಿಡಿಯದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದರು. ನಮ್ಮಪ್ಪ ಬೆರೆಸುತ್ತಿರಲಿಲ್ಲ. "ಕಂಡದ್ದನ್ನೆಲ್ಲ ನೆಕ್ಕೋ ಮಗು ಮನೇಲಿದೆ, ವಿಷ ಯಾಕೆ?" ಎನ್ನುತ್ತಿದ್ದ. ಆ ಮಗು ನನ್ನ ತಮ್ಮ. ಅವನಿಗಾಗಿ ಅಪ್ಪ ಅಂಟಿಗೆ ಲವಂಗದ ಎಣ್ಣೆ ಹಾಕಿದ. ಕಟ್ಟು ಮುಚ್ಚುವ ಮೊದಲು ಒಳಮೂಲೆಯಲ್ಲಿ ಒಂದು ಇಡೀ ಲವಂಗವನ್ನೂ ಅಂಟಿನಲ್ಲಿ ಒತ್ತಿಡುತ್ತಿದ್ದ.

ಅಪ್ಪ ಹೋಗಿ ನಲವತ್ತು ವರ್ಷವಾಯಿತು. ಆ ಅಂಟು ಮಾಡುವವರು ಈಗ ಲೋಕದಲ್ಲಿ ಇಬ್ಬರೇ. ನಾನು ಮತ್ತು ನನ್ನ ತಮ್ಮ.

ಹಾಗಾಗಿಯೇ, ನಮ್ಮ ಅಂಗಡಿಯ ಮೆಟ್ಟಿಲನ್ನು ಎಂದೂ ಹತ್ತದ ಚಿತ್ರವೊಂದರ ಬೆನ್ನಿಗೆ ಮೂಗು ತಂದಾಗ ಆ ವಾಸನೆ ಬಂದದ್ದೇ ತಡ, ನನ್ನ ಕೈ ನಿಂತುಹೋಯಿತು.

"ಏನಮ್ಮಾ? ಯಾಕೆ ಹಾಗೆ ನಿಂತ್ಬಿಟ್ರಿ?" ಎಂದ ಇನ್ಸ್‌ಪೆಕ್ಟರ್.

"ಧೂಳು," ಎಂದೆ.

ಹನ್ನೊಂದು ದಿನಗಳ ಹಿಂದೆ ಈ ಮನೆಯ ಯಜಮಾನಿ ಮೆಟ್ಟಿಲ ಬುಡದಲ್ಲಿ ತಲೆ ಒಡೆದು ಸತ್ತು ಬಿದ್ದಿದ್ದರು. ಅದೇ ಮಧ್ಯಾಹ್ನ ಅವರ ಮಲಗುವ ಕೋಣೆಯಿಂದ ಮೌನತಾಯಿಯ ಏಳನೆಯ ಚಿತ್ರ ಕಾಣೆಯಾಗಿತ್ತು. ಉಳಿದ ಆರು ಅಸಲಿಯೋ ಅಲ್ಲವೋ ನೋಡಿ ಹೇಳಲು ಇನ್ಸ್‌ಪೆಕ್ಟರ್ ನನ್ನನ್ನು ಕರೆತಂದಿದ್ದ. ಐದು ನೋಡಿ ಮುಗಿದಿದ್ದವು. ನನ್ನ ಕೈಯಲ್ಲಿದ್ದದ್ದು ಆರನೆಯದು.

ಮನೆಯ ಸಾಮಾನೆಲ್ಲ ಅಂದು ಮಾರಾಟಕ್ಕಿತ್ತು. ಯಜಮಾನಿ ಬದುಕಿದ್ದಾಗ ಗೇಟು ದಾಟದವರೆಲ್ಲ ಈಗ ಅವರ ಕಪಾಟುಗಳಲ್ಲಿ ಕತ್ತು ತೂರಿಸಿದ್ದರು. ಒಬ್ಬಾಕೆ ಅವರ ಉಣ್ಣೆ ಕೋಟು ತೊಟ್ಟು ಕನ್ನಡಿಯ ಮುಂದೆ ತಿರುಗುತ್ತಿದ್ದಳು. ಇನ್ನಿಬ್ಬರು ಅವರ ಹಾಸಿಗೆಯನ್ನು ಒತ್ತಿ ನೋಡಿ, "ಇದರಲ್ಲೇ ಮಲಗ್ತಿದ್ರಂತೆ," "ಸತ್ತಿದ್ದು ಇದರ ಮೇಲಲ್ಲ ತಾನೆ? ಹಾಗಾದ್ರೆ ಪರವಾಗಿಲ್ಲ," ಎಂದು ಮಾತಾಡಿಕೊಂಡರು. ಸೋಪಿನ ಡಬ್ಬಿಯಿಂದ ಹಿಡಿದು ಗಡಿಯಾರದವರೆಗೆ ಎಲ್ಲದರ ಮೇಲೂ ಹಳದಿ ಚೀಟಿ.

ನಡುಮನೆಯ ಉದ್ದ ಮೇಜಿನ ಮೇಲೆ ಮೌನತಾಯಿಯ ನೆನಪಿನ ವಸ್ತುಗಳಿದ್ದವು. ಮರದ ಚಪ್ಪಲಿ, ಕರಿ ಶಾಲು, ಗಾಜಿನ ಕುಪ್ಪಿಯಲ್ಲಿ ಒಂದು ಎಳೆ ನರೆಗೂದಲು, ಬಳಪದ ಚೂರುಗಳ ತಗಡಿನ ಪೆಟ್ಟಿಗೆ. ಮೌನತಾಯಿ ನೂರು ವರ್ಷದ ಹಿಂದಿನವಳು. ಹತ್ತೊಂಬತ್ತನೆಯ ವಯಸ್ಸಿಗೆ ಮೌನವ್ರತ ಹಿಡಿದು ಸಾಯುವ ತನಕ ಒಂದು ಮಾತೂ ಆಡಲಿಲ್ಲ, ಹೇಳುವುದನ್ನೆಲ್ಲ ಸ್ಲೇಟಿನ ಮೇಲೆ ಬರೆದಳು ಎಂದು ಅವಳ ಮಠದವರು ಹೇಳುತ್ತಾರೆ. ಮಠದಲ್ಲೇ ಇದ್ದ ಚಿತ್ರಕಾರನೊಬ್ಬ ಅವಳನ್ನು ಎದುರು ಕೂರಿಸಿಕೊಂಡು ತೆಳು ಹಲಗೆಗಳ ಮೇಲೆ ಏಳು ಚಿತ್ರ ಬರೆದ. ಎಲ್ಲದರಲ್ಲೂ ಅವಳ ಮಡಿಲಲ್ಲಿ ಸ್ಲೇಟು. ಆರರಲ್ಲಿ ಅದು ಖಾಲಿ. ಏಳನೆಯದನ್ನು ಕಂಡವರೇ ಇಲ್ಲ. ಯಜಮಾನಿ ಅದನ್ನು ಮುಖ ಗೋಡೆಗೆ ತಿರುಗಿಸಿ ತೂಗುಹಾಕಿದ್ದರು. ಅವರು ಸತ್ತ ದಿನ ಗೋಡೆಯ ಮೇಲೆ ಬರೀ ಕಟ್ಟು ಉಳಿದಿತ್ತು.

ದಪ್ಪನೆಯ ಒಬ್ಬ ಗಿರಾಕಿ ಮೌನತಾಯಿಯ ಚಪ್ಪಲಿಗೆ ಕಾಲು ತೂರಿಸಲು ಹೆಣಗುತ್ತಿದ್ದ.

"ಪವಾಡದ ಚಪ್ಪಲಿ ಅಂತಾರೆ, ನನ್ನ ಹೆಬ್ಬೆರಳೂ ಹಿಡಿಸಲ್ಲವಲ್ಲೇ!"

"ನಿಮ್ಮ ಹೆಬ್ಬೆರಳು ಹಿಡಿಸೋಕೆ ಪವಾಡವೇ ಆಗ್ಬೇಕು," ಎಂದಳು ಅವನ ಹೆಂಡತಿ.

ಆ ಮೇಜಿನ ಪಕ್ಕದಲ್ಲಿ ಗುಬ್ಬಿ ನಿಂತಿದ್ದಳು. ಹತ್ತೊಂಬತ್ತು ವರ್ಷ ಯಜಮಾನಿಯನ್ನು ನೋಡಿಕೊಂಡ ಆಯಾ. ಗುಬ್ಬಿ ಎಂಬುದು ಯಜಮಾನಿ ಇಟ್ಟ ಹೆಸರು. ಅಷ್ಟು ಸಣ್ಣ ಮೈ, ಅಷ್ಟೇ ಚುರುಕು. ವಯಸ್ಸು ಐವತ್ತು ದಾಟಿದ್ದರೂ ಹಿಂದಿನಿಂದ ನೋಡಿದರೆ ಶಾಲೆಯ ಹುಡುಗಿ. ಗಿರಾಕಿಗಳು ಬೆರಳು ತೋರಿಸಿದ್ದನ್ನು ಎತ್ತಿ ಹಿಡಿಯುವುದು ಅಂದು ಅವಳ ಕೆಲಸ. ಬೆಳಗ್ಗೆ ಎಂಟರಿಂದ ನಿಂತೇ ಇದ್ದಳು.

ಆ ಶಿಕ್ಷೆ ಯಜಮಾನಿಯ ಮಗಳದು. ಹಲ್ಲಿನ ಡಾಕ್ಟರು. "ಕಳ್ಳಿ ಮುಖ ಊರು ನೋಡ್ಲಿ. ಆಮೇಲೆ ಪೊಲೀಸ್ನವರು ನೋಡ್ಕೊಳ್ತಾರೆ," ಎಂದು ಬಾಗಿಲಲ್ಲೇ ಎಲ್ಲರಿಗೂ ಕೇಳುವಂತೆ ಹೇಳಿದ್ದಳು.

ಹನ್ನೊಂದು ಗಂಟೆಯ ಹೊತ್ತಿಗೆ ವಯಸ್ಸಾದ ಗಿರಾಕಿಯೊಬ್ಬ, ಕೈಯಲ್ಲಿ ಹಳೆಯ ಪುಸ್ತಕಗಳ ಕಟ್ಟು ಹಿಡಿದವನು, ಏನೂ ಹೇಳದೆ ಒಂದು ಕುರ್ಚಿಯನ್ನು ಕಾಲಿನಿಂದ ಗುಬ್ಬಿಯ ಹತ್ತಿರ ಸರಿಸಿದ. ಅವಳು ಕೂರುವಷ್ಟರಲ್ಲಿ ಡಾಕ್ಟರಮ್ಮ ಬಂದು ಕುರ್ಚಿಯ ಮೇಲೆ ಕೆಂಪು ಚೀಟಿ ಅಂಟಿಸಿದಳು.

"ಮಾರಿ ಹೋಗಿದೆ. ಕೂರಬೇಡ."

ಆಮೇಲೆ ಗುಬ್ಬಿಯ ಚೀಲವನ್ನು ತಂದು, ಮಾರಾಟದ ವಸ್ತುಗಳ ನಡುವೆಯೇ ಸುರಿದಳು. ಒಂದು ಜೊತೆ ಬಟ್ಟೆ, ಕನ್ನಡಕದ ಪೆಟ್ಟಿಗೆ, ಊಟದ ಡಬ್ಬಿ, ಮರದ ಬಾಚಣಿಗೆ. ಕೋಟು ತೊಟ್ಟಿದ್ದ ಹೆಂಗಸು ಬಾಚಣಿಗೆ ಎತ್ತಿಕೊಂಡು, "ಇದಕ್ಕೆ ಚೀಟಿ ಇಲ್ವಲ್ಲ?" ಎಂದು ಕೇಳಿದಳು.

"ಹಾಗೇ ತಗೊಂಡ್ಹೋಗಿ," ಎಂದಳು ಡಾಕ್ಟರಮ್ಮ. ಕೆಲವರು ನಕ್ಕರು.

ಗುಬ್ಬಿ ನಗಲಿಲ್ಲ, ಅಳಲೂ ಇಲ್ಲ. ತನ್ನ ಬಾಚಣಿಗೆ ಇನ್ನೊಬ್ಬರ ಜೇಬಿಗೆ ಹೋಗುವುದನ್ನು ನೋಡಿದಳು, ಅಷ್ಟೆ. ಪುಸ್ತಕದ ಮುದುಕ ಆ ಹೆಂಗಸಿನ ಹಿಂದೆ ಹೋಗಿ ಏನೋ ಹೇಳಿದ. ಹತ್ತು ನಿಮಿಷದಲ್ಲಿ ಬಾಚಣಿಗೆ ಮತ್ತೆ ಚೀಲದೊಳಗಿತ್ತು. ಅವನು ಕಿಟಕಿಯಾಚೆ ನೋಡುತ್ತ ನಿಂತಿದ್ದ, ತನಗೂ ಅದಕ್ಕೂ ಸಂಬಂಧವಿಲ್ಲದವನಂತೆ.

ಇನ್ಸ್‌ಪೆಕ್ಟರ್ ಕೈಗಡಿಯಾರ ನೋಡಿಕೊಂಡ. "ನಾಲ್ಕು ಗಂಟೆಗೆ ಇವಳನ್ನ ಕರ್ಕೊಂಡು ಹೋಗ್ಬೇಕು, ಅಮ್ಮ. ಮೇಲಿನಿಂದ ಹೇಳಿದ್ದಾರೆ. ಕೊಲೆ, ಕಳವು ಎರಡೂ ಇವಳ ತಲೆ ಮೇಲೇ ಬರುತ್ತೆ."

"ನಿನಗೆ ಹಾಗನ್ನಿಸುತ್ತಾ?"

"ನನಗನ್ನಿಸೋದು ಬೇರೆ. ಆದ್ರೆ ಇವಳ ಮಾತೇ ಇವಳಿಗೆ ಉರುಳು. ಆ ದಿನ ಹೊರಗಿನವರು ಯಾರಾದ್ರೂ ಬಂದಿದ್ರಾ ಅಂತ ಮೂರು ಸಲ ಕೇಳ್ದೆ. ಮೂರು ಸಲವೂ ಇಲ್ಲ ಅಂದ್ಲು. ಹಿತ್ತಲಲ್ಲಿ ಬಟ್ಟೆ ಒಣಗಿಸ್ತಿದ್ಲಂತೆ, ಸದ್ದು ಕೇಳಿ ಒಳಗೆ ಬಂದ್ಲಂತೆ. ಹೊರಗಿನವರು ಯಾರೂ ಇಲ್ಲ ಅಂದ್ಮೇಲೆ ಒಳಗಿನವಳು ಇವಳೊಬ್ಬಳೇ ಅಲ್ವಾ?"

ಈ ಇನ್ಸ್‌ಪೆಕ್ಟರ್‌ನ ತಂದೆ ತೀರಿಕೊಂಡಾಗ ಅವರ ಫೋಟೋಗೆ ಕಟ್ಟು ಹಾಕಿದವಳು ನಾನು. ಒದ್ದೆಯಾಗಿ ಕಲೆ ಬಿದ್ದಿದ್ದ ಆ ಫೋಟೋದ ಗದ್ದವನ್ನು ಇಡೀ ಒಂದು ದಿನ ಕೂತು ಸರಿಮಾಡಿದ್ದೆ. ಅಂದಿನಿಂದ ನಾನು ಹೇಳಿದ್ದು ಅವನಿಗೆ ಕಲ್ಲಿನ ಮೇಲೆ ಬರೆದ ಹಾಗೆ.

"ಇದರ ಹಿಂಬದಿ ಬಿಚ್ಚಬೇಕು," ಎಂದೆ. "ಬೆಳಕಿರೋ ಕಡೆ ಮೇಜು ಬೇಕು."

ಊಟದ ಮೇಜನ್ನು ಕಿಟಕಿಯ ಬಳಿಗೆ ಎಳೆಸಿದ. ಡಾಕ್ಟರಮ್ಮನೂ ಬಂದಳು. "ಬೇಗ ನೋಡಿ. ಅದನ್ನ ಕಾದಿರಿಸಿದೆ." ಚೀಟಿಯ ಮೇಲೆ ಬೆಳಗ್ಗೆಯೇ ಹಾಗೆ ಬರೆದಿತ್ತು. ಯಾರೋ ಫೋನಿನಲ್ಲಿ ಕೇಳಿದ್ದರಂತೆ. ಹೆಸರು ಹೇಳಿರಲಿಲ್ಲವಂತೆ.

ಚಿತ್ರವನ್ನು ಬೋರಲು ಮಲಗಿಸಿದೆ. ಹಿಂದಿನ ಕಂದು ಕಾಗದ ಹಳೆಯದರಂತೆ ಕಾಣಲೆಂದು ಚಹಾದ ನೀರು ಬಳಿದಿದ್ದರು. ಕಣ್ಣಿಗೆ ಮೋಸ ಮಾಡಬಹುದು, ಬೆರಳಿಗೆ ಆಗುವುದಿಲ್ಲ. ನೂರು ವರ್ಷದ ಕಾಗದ ಮುದುಕರ ಚರ್ಮದಂತೆ ಸಡಿಲಾಗಿರುತ್ತದೆ. ಇದು ಬಿಗಿದ ಡೋಲು. ಬೆರಳಿನಿಂದ ಬಡಿದರೆ ಸದ್ದು ಬಂತು.

ಚೂರಿಯ ತುದಿಯಿಂದ ಅಂಚು ಎಬ್ಬಿಸಿದೆ. ಅಂಟು ಮೇಲೆ ಒಣಗಿತ್ತು, ಮೂಲೆಗಳಲ್ಲಿ ಇನ್ನೂ ಮೆತ್ತಗಿತ್ತು. ಹತ್ತು ಹನ್ನೆರಡು ದಿನದ್ದು. ಕಾಗದ ಸರ್ರನೆ ಬಿಡಿಸಿಕೊಂಡಾಗ ವಾಸನೆ ಮೇಲೆದ್ದಿತು.

ಕೆಳಗಿನ ಎಡಮೂಲೆಯಲ್ಲಿ ಒಂದು ಲವಂಗ ಇತ್ತು.

ಅಪ್ಪ ನಮ್ಮಿಬ್ಬರಿಗೂ ಕೆಲಸ ಕಲಿಸಿದ. ಯಾವ ಕಟ್ಟು ಯಾರು ಹಾಕಿದ್ದು ಎಂದು ಮುಂದೆ ಗೊತ್ತಾಗಲೆಂದು ಒಂದು ಗುರುತೂ ಮಾಡಿಟ್ಟ. ನಾನು ಒತ್ತುವ ಲವಂಗದ ಮೊಗ್ಗು ಮೇಲೆ. ತಮ್ಮನದು ಕೆಳಗೆ. ಅವನಿಗೆ ಆಗ ಎಂಟು ವರ್ಷ. "ನನ್ನದು ತಲೆಕೆಳಗಾಗಿ ಆಟ ಆಡ್ತಿದೆ," ಎಂದು ಕುಣಿದಿದ್ದ. ಅದು ಅಂದಿನಿಂದ ಅವನ ಕೈಗೆ ಅಂಟಿಬಿಟ್ಟಿತು. ಕಳ್ಳತನದ ಕಟ್ಟು ಮುಚ್ಚುವಾಗಲೂ ಕೈ ಬಿಡಲಿಲ್ಲ.

ಈ ಲವಂಗದ ಮೊಗ್ಗು ಕೆಳಗಿತ್ತು.

ಇನ್ಸ್‌ಪೆಕ್ಟರ್ ಆ ಗಳಿಗೆಯಲ್ಲಿ ಡಾಕ್ಟರಮ್ಮನ ಕಡೆ ತಿರುಗಿ ಏನೋ ಹೇಳುತ್ತಿದ್ದ. ಯೋಚನೆ ಮಾಡಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ನನ್ನ ಉಗುರು ಅದನ್ನು ಕಿತ್ತು ಅಂಗೈಗೆ ಸೇರಿಸಿದ ಮೇಲೆಯೇ ನನಗೆ ಗೊತ್ತಾಯಿತು, ನಾನೇನು ಮಾಡಿದೆ ಎಂದು. ಬಲಗೈ ಮುಷ್ಟಿಯಾಯಿತು.

ಯಜಮಾನಿ ಸತ್ತ ದಿನ ತಮ್ಮ ಮರದ ಡಿಪೋಗೆ ಹೋಗಿದ್ದ. ಹಾಗೆಂದು ಅವನೇ ಹೇಳಿದ್ದ. ಸಂಜೆ ಬಂದವನನ್ನು ಊಟ ಆಯ್ತೇನೋ ಎಂದು ಕೇಳಿದೆ. "ಅರ್ಧ ಆಯ್ತಕ್ಕ," ಎಂದು ನಕ್ಕ. ತಮಾಷೆ ಎಂದುಕೊಂಡು ಬಡಿಸಿದ್ದೆ.

"ಅಮ್ಮ, ಒಳಗೆ ಇನ್ನೊಂದು ಹಲಗೆ ಇದೆ!" ಇನ್ಸ್‌ಪೆಕ್ಟರ್‌ನ ದನಿ ಏರಿತು.

ಇತ್ತು. ಆರನೆಯ ಚಿತ್ರದ ಬೆನ್ನಿನ ಕಡೆ ಮುಖ ಮಾಡಿಸಿ, ನಡುವೆ ತೆಳ್ಳನೆಯ ಬಟ್ಟೆ ಹಾಸಿ, ಇನ್ನೊಂದು ಹಲಗೆಯನ್ನು ಕೂರಿಸಿದ್ದರು. ಎಷ್ಟು ಜೋಪಾನವಾಗಿ! ಒಂದು ಗೀರು ಬೀಳದಂತೆ ಮೂಲೆಗಳಿಗೆ ಹತ್ತಿ ಇಟ್ಟಿದ್ದರು. ಆ ಹತ್ತಿಯನ್ನು ಉಂಡೆ ಮಾಡುವ ಬಗೆಯೂ ನನಗೆ ಗೊತ್ತಿತ್ತು. ಅವನಿಗೆ ಕಲಿಸಿದವಳೇ ನಾನು.

ಏಳನೆಯ ಚಿತ್ರ ಈ ಮನೆ ಬಿಟ್ಟು ಹೋಗಿಯೇ ಇರಲಿಲ್ಲ. ಆರನೆಯದರ ಹೊಟ್ಟೆಯೊಳಗೆ ಕೂತು, ಯಾರೋ ಕೊಂಡುಕೊಂಡು ಹಗಲು ಹೊತ್ತಿನಲ್ಲೇ ಬಾಗಿಲಿನಿಂದ ಹೊತ್ತುಕೊಂಡು ಹೋಗಲೆಂದು ಕಾಯುತ್ತಿತ್ತು.

ಎಡಗೈಯಿಂದಲೇ ಹಲಗೆಯ ಅಂಚು ಎತ್ತಿದೆ. ಇನ್ಸ್‌ಪೆಕ್ಟರ್ ಇನ್ನೊಂದು ಬದಿ ಹಿಡಿದ. ಅದನ್ನು ಕಿಟಕಿಗೆ ಆನಿಸಿದೆವು.

ನಡುಮನೆಯ ಜನ ಸುತ್ತ ನೆರೆದರು. ಚಪ್ಪಲಿಯ ಗಿರಾಕಿ ಒಂದು ಕಾಲಲ್ಲಿ ಚಪ್ಪಲಿ ಸಿಕ್ಕಿಸಿಕೊಂಡೇ ಕುಂಟುತ್ತ ಬಂದ.

ಉಳಿದ ಆರರಲ್ಲಿ ಮೌನತಾಯಿ ಶಾಂತಳು, ಅರೆಗಣ್ಣು ಮುಚ್ಚಿದವಳು. ಇದರಲ್ಲಿ ಕಣ್ಣು ಪೂರ್ತಿ ತೆರೆದಿತ್ತು, ನೇರ ಚಿತ್ರಕಾರನ ಮೇಲೆ. ತುಟಿಗಳ ನಡುವೆ ಬೆರಳಗಲ ಸಂದು. ಆ ಸಂದಿನಲ್ಲಿ ಚಿತ್ರಕಾರ ಕಪ್ಪು ಬಣ್ಣ ಬಿಟ್ಟು ಬೇರೇನೂ ಬರೆದಿರಲಿಲ್ಲ. ನಾಲಿಗೆ ಇರಬೇಕಾದ ಕಡೆ ಏನೂ ಇರಲಿಲ್ಲ. ಮಡಿಲ ಸ್ಲೇಟಿನ ಮೇಲೆ ಬಳಪದ ಓರೆ ಅಕ್ಷರಗಳು.

ಗುಬ್ಬಿ ಜನರ ನಡುವೆ ತೂರಿಕೊಂಡು ಬಂದು ನಿಂತಿದ್ದಳು. ಹತ್ತೊಂಬತ್ತು ವರ್ಷ ಆ ಚಿತ್ರದ ಬೆನ್ನಿನ ಧೂಳು ಹೊಡೆದವಳು. ಮುಖ ನೋಡುತ್ತಿದ್ದುದು ಇದೇ ಮೊದಲು.

"ಏನು ಬರೆದಿದೆ ಅಮ್ಮ?" ಎಂದಳು. "ನನಗೆ ಓದೋಕೆ ಬರಲ್ಲ."

ಓದಿ ಹೇಳಿದೆ. "ನನಗೂ ಮಾತು ಬರುತ್ತಿತ್ತು."

ಗುಬ್ಬಿ ಇನ್ನೂ ಸ್ವಲ್ಪ ಹತ್ತಿರ ಬಂದು ಆ ಮುಖ ನೋಡಿದಳು.

"ಪಾಪ," ಎಂದಳು. "ಯಾರೂ ಕೇಳಿರಲಿಕ್ಕಿಲ್ಲ."

ಮೊದಲು ಎಚ್ಚೆತ್ತವನು ಇನ್ಸ್‌ಪೆಕ್ಟರ್. ಕಿತ್ತ ಕಾಗದವನ್ನು ಮೂಗಿಗೆ ಹಿಡಿದ. ಒಮ್ಮೆ, ಇನ್ನೊಮ್ಮೆ. ಆಮೇಲೆ ನಿಧಾನವಾಗಿ ಡಾಕ್ಟರಮ್ಮನ ಕಡೆ ತಿರುಗಿದ.

"ಲವಂಗದ ಎಣ್ಣೆ," ಎಂದ. "ಹೋದ ತಿಂಗಳು ದವಡೆ ಹಲ್ಲು ನೋವು ಅಂತ ನಿಮ್ಮ ಕ್ಲಿನಿಕ್ಕಿಗೆ ಬಂದಿದ್ದೆ, ಡಾಕ್ಟ್ರೇ. ಹತ್ತಿಯಲ್ಲಿ ಅದ್ದಿ ಇಟ್ರಲ್ಲ, ಇದೇ ವಾಸನೆ."

"ಅದಕ್ಕೆ?"

"ಹತ್ತಿಯೂ ಇದೆ ನೋಡಿ, ನಾಲ್ಕು ಮೂಲೆಗೂ."

"ಹತ್ತಿ ಎಲ್ಲರ ಮನೇಲೂ ಇರುತ್ತೆ! ಏನ್ರೀ ಹೇಳ್ತಿದೀರ?"

"ಉಯಿಲಿನಲ್ಲಿ ಆರು ಚಿತ್ರ ನಿಮಗೆ, ಏಳನೆಯದು ಮಠಕ್ಕೆ. ಅದು ಕಳೆದೇ ಹೋದ್ರೆ ಮಠಕ್ಕೆ ಕೊಡೋದೇನೂ ಇಲ್ಲ. ಆರನೆಯದರ ಒಳಗಿದ್ರೆ ನಿಮ್ಮದೇ. ಹೆಸರೂ ಹೇಳದವರಿಗೆ ಅದನ್ನೇ ಯಾಕೆ ಕಾದಿರಿಸಿದ್ರಿ?"

"ಕೇಳಿದ್ರು, ಇಟ್ಟೆ. ಕೊಳ್ಳೋರು ಮುಖ್ಯ, ಹೆಸರು ಕಟ್ಕೊಂಡು ನನಗೇನು?"

"ಆ ದಿನ ಮಧ್ಯಾಹ್ನ ನಿಮ್ಮ ಕ್ಲಿನಿಕ್ಕು ಎರಡು ಗಂಟೆ ಮುಚ್ಚಿತ್ತು. ಎಲ್ಲಿದ್ರಿ?"

ಡಾಕ್ಟರಮ್ಮ ಗೇಟಿನಾಚೆ ನಿಂತಿದ್ದ ತನ್ನ ಕಾರಿನ ಕಡೆ ನೋಡಿದಳು.

"ನಿದ್ದೆ ಮಾಡ್ತಿದ್ದೆ," ಎಂದಳು. "ಕಾರಿನಲ್ಲಿ. ಒಬ್ಬಳೇ. ಮನೇಲಿ ನಿದ್ದೆ ಬರಲ್ಲ ನನಗೆ."

"ಹಲ್ಲು ಕೀಳೋರಿಗೆ ಕಟ್ಟಿನ ಮೊಳೆ ಕೀಳೋದು ಕಷ್ಟವಾ?" ಎಂದ ಚಪ್ಪಲಿಯವನು. ಬಾಚಣಿಗೆಗೆ ನಕ್ಕವರೇ ಇದಕ್ಕೂ ನಕ್ಕರು. ಅಷ್ಟೇ ಜೋರಾಗಿ. ಕೋಟಿನ ಹೆಂಗಸು, "ಹೆತ್ತವಳನ್ನೇ ಮೆಟ್ಟಿಲಿಂದ ತಳ್ಳಿದಳಾ ಹಾಗಾದ್ರೆ!" ಎಂದು ಕೆನ್ನೆಗೆ ಕೈ ಇಟ್ಟಳು, ಸತ್ತವರ ಕೋಟು ಇನ್ನೂ ಮೈಮೇಲಿದ್ದ ಹಾಗೆಯೇ.

ಡಾಕ್ಟರಮ್ಮ ಅವರಲ್ಲಿ ಯಾರ ಕಡೆಯೂ ನೋಡಲಿಲ್ಲ. ನನ್ನ ಕಡೆ ನೋಡಿದಳು.

"ನಾನು ಅಮ್ಮನನ್ನ ಪ್ರೀತಿಸ್ಲಿಲ್ಲ," ಎಂದಳು. "ಅವರೂ ನನ್ನನ್ನ ಪ್ರೀತಿಸ್ಲಿಲ್ಲ. ಅವರಿಗೆ ಬೇಕಾಗಿದ್ದು ಮೌನತಾಯಿ, ಆಮೇಲೆ ಈ ಗುಬ್ಬಿ. ನಾನು ಕೆಟ್ಟವಳು, ಒಪ್ಕೊಳ್ತೀನಿ. ಆದ್ರೆ ಇದು ನಾನು ಮಾಡಿದ್ದಲ್ಲ. ನೀವು ವಾಸನೆ ನೋಡಿದೀರ. ನನ್ನ ಕ್ಲಿನಿಕ್ಕಿನ ಎಣ್ಣೆಗೆ ಹಿಟ್ಟಿನ ವಾಸನೆ ಇರಲ್ಲ. ಇದರಲ್ಲಿ ಬೇಯಿಸಿದ ಹಿಟ್ಟಿದೆ. ನಿಮಗೆ ಗೊತ್ತು. ಹೇಳಿ ಅವರಿಗೆ."

ಅವಳ ಮೂಗು ಚುರುಕಾಗಿತ್ತು. ಅವಳು ಹೇಳಿದ್ದು ಅಕ್ಷರಕ್ಕೆ ಅಕ್ಷರ ಸರಿ.

ಇನ್ಸ್‌ಪೆಕ್ಟರ್ ನನ್ನ ಬಳಿ ಬಾಗಿದ. "ಹೌದಾ ಅಮ್ಮ? ಇದು ಹಲ್ಲಿನ ಡಾಕ್ಟರ ಎಣ್ಣೆ ತಾನೇ? ನೀವು ಹೇಳಿದ್ರೆ ಸಾಕು, ನಾನು ಬೇರೆಯವರನ್ನ ಕೇಳಲ್ಲ."

ಮುಷ್ಟಿಯೊಳಗೆ ಲವಂಗ ಚುಚ್ಚುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಗಾದೆಯನ್ನು ನಾನು ಎಷ್ಟು ಸಲ ನಗುತ್ತ ಹೇಳಿಲ್ಲ! ಈಗ ನನ್ನ ಬಲಗೈ ತಾನಾಗಿಯೇ ಬೆನ್ನ ಹಿಂದೆ ಹೋಗಿತ್ತು.

ಅಮ್ಮ ಸತ್ತಾಗ ತಮ್ಮ ಹಾಲು ಕುಡಿಯುವ ಕೂಸು. ಅವನ ಜ್ವರ, ಅವನ ಶಾಲೆ, ಅವನ ಮದುವೆ ಮುರಿದದ್ದು, ಎಲ್ಲ ನನ್ನ ಕೈಯಲ್ಲೇ ಆದವು. ಶಾಲೆಗೆ ಹೋಗುವಾಗ ಅವನನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಿ ಕೊನೆಯ ಬೆಂಚಿನಲ್ಲಿ ಮಲಗಿಸಿ ಪಾಠ ಕೇಳಿದವಳು ನಾನು. ಎದುರಿಗೆ ನಿಂತವಳೋ, ಹಸಿದವಳ ಕುರ್ಚಿಗೆ ಕೆಂಪು ಚೀಟಿ ಅಂಟಿಸಿದವಳು. ಅವಳು ಹೋದರೆ ಅಳುವವರಿಲ್ಲ. ಗುಬ್ಬಿಯೂ ಬಚಾವಾಗುತ್ತಾಳೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಹೀಗೆಲ್ಲ ಹೇಳಿಕೊಳ್ಳಲು ನನಗೆ ಎಷ್ಟು ಕಡಿಮೆ ಹೊತ್ತು ಹಿಡಿಯಿತು!

"ಇರಬಹುದು," ಎಂದೆ.

ಒಂದೇ ಪದ. ಡಾಕ್ಟರಮ್ಮನ ಮುಖದಿಂದ ಏನೋ ಇಳಿದುಹೋಯಿತು. ಸಿಟ್ಟಲ್ಲ. ಅವಳು ನನ್ನನ್ನು ಕೊನೆಯ ಸಲ ಎಂಬಂತೆ ದಿಟ್ಟಿಸಿದಳು. "ನೀವು ಒಳ್ಳೆಯವರು ಅಂದ್ಕೊಂಡಿದ್ದೆ," ಎಂದಳು ಮೆಲ್ಲಗೆ. ತೆಗೆಯಲು ಹೋದ ಕನ್ನಡಕ ಕೈಜಾರಿ ನೆಲಕ್ಕೆ ಬಿತ್ತು.

ಯಾರೂ ಬಗ್ಗಲಿಲ್ಲ. ಬಗ್ಗಿದವಳು ಗುಬ್ಬಿ. ಕನ್ನಡಕವನ್ನು ತನ್ನ ತೋಳಿಗೆ ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಡಾಕ್ಟರಮ್ಮನ ಕೈಗಿಟ್ಟಳು. ಆಮೇಲೆ ಒಳಗೆ ಹೋಗಿ ಒಂದು ಲೋಟ ನೀರು ತಂದಳು. ಲೋಟಕ್ಕೂ ಹಳದಿ ಚೀಟಿ ಇತ್ತು.

"ಕೂತ್ಕೊಳ್ಳಿ, ಚಿಕ್ಕಮ್ಮಾವ್ರೇ," ಎಂದು ಕೆಂಪು ಚೀಟಿಯ ಕುರ್ಚಿಯನ್ನೇ ಎಳೆದು ಕೊಟ್ಟಳು.

ನಾಲ್ಕು ಗಂಟೆಯಾಯಿತು. ಇನ್ಸ್‌ಪೆಕ್ಟರ್ ಎರಡು ಚಿತ್ರಗಳನ್ನೂ ಬಟ್ಟೆಯಲ್ಲಿ ಸುತ್ತಿಸಿದ, ಮಾರಾಟ ನಿಲ್ಲಿಸಿದ, ಜನರನ್ನು ಹೊರಗೆ ಕಳಿಸಿದ. ನಾನು ಅವನ ಹತ್ತಿರ ಹೋದೆ.

"ಗುಬ್ಬಿಯನ್ನ ಬಿಡ್ತೀಯಲ್ಲ?"

ಅವನು ತಲೆ ತಗ್ಗಿಸಿದ. "ಹೇಗೆ ಬಿಡ್ಲಿ ಅಮ್ಮ? ಕಟ್ಟು ಬಿಚ್ಚಿ ಹಾಕೋಕೆ ಇವಳಿಗೆ ಬರಲ್ಲ, ಸರಿ. ಆದ್ರೆ ಮನೇಲಿ ಇದ್ದವಳು ಇವಳು. ಡಾಕ್ಟ್ರು ಬಂದು ಅಷ್ಟು ಕೆಲಸ ಮಾಡ್ಕೊಂಡು ಹೋಗಿದ್ದಾರೆ, ಇವಳು ಯಾರೂ ಬಂದಿಲ್ಲ ಅಂತಾಳೆ. ಅಂದ್ರೆ ಸುಳ್ಳು ಹೇಳ್ತಿದ್ದಾಳೆ. ನೀವು 'ಇರಬಹುದು' ಅಂದ ಮೇಲೆ ಇವಳು ಜೊತೆಗಾರ್ತಿ. ಇಬ್ಬರೂ ಬರ್ಬೇಕು."

ಒಬ್ಬಳನ್ನು ಬಿಡಿಸಲೆಂದು ಆಡಿದ ಮಾತು ಇಬ್ಬರನ್ನು ಕಟ್ಟಿಹಾಕಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈಗಲಾದರೂ ಮುಷ್ಟಿ ಬಿಚ್ಚಿ ತೋರಿಸಬಹುದಿತ್ತು. ಅವನು ನನ್ನ ಎದುರಿಗೇ ನಿಂತಿದ್ದ, ಎರಡು ಹೆಜ್ಜೆ ದೂರ. ಬಿಚ್ಚಲಿಲ್ಲ.

ಗುಬ್ಬಿ ತನ್ನ ಚೀಲಕ್ಕೆ ಬಟ್ಟೆ ತುಂಬಿಕೊಂಡಳು. ಬಾಚಣಿಗೆ ಸಿಕ್ಕಾಗ ಒಂದು ಗಳಿಗೆ ಅಚ್ಚರಿಯಿಂದ ನೋಡಿ, ಸುತ್ತ ಕಣ್ಣು ಹಾಯಿಸಿದಳು. ಪುಸ್ತಕದ ಮುದುಕ ಆಗಲೇ ಹೊರಟುಹೋಗಿದ್ದ. ಊಟದ ಡಬ್ಬಿಯನ್ನು ಮಾತ್ರ ಚೀಲಕ್ಕೆ ಹಾಕಲಿಲ್ಲ. ಅದನ್ನು ಹಿಡಿದುಕೊಂಡು ಬಾಗಿಲ ಬಳಿ ನಿಂತಿದ್ದ ನನ್ನತ್ತ ಬಂದಳು. ಹೊರಗೆ ಪೊಲೀಸ್ ಗಾಡಿಯ ಹಿಂಬಾಗಿಲು ತೆರೆದಿತ್ತು. ಡಾಕ್ಟರಮ್ಮ ಆಗಲೇ ಒಳಗೆ ಕೂತು ತನ್ನ ಮೊಣಕಾಲು ನೋಡುತ್ತಿದ್ದಳು.

"ಇದನ್ನ ಹಿಡೀರಿ ಅಮ್ಮ."

"ನೀನು ಬೆಳಗ್ಗೆಯಿಂದ ಏನೂ ತಿಂದಿಲ್ಲ ಗುಬ್ಬಿ. ಅಲ್ಲಿ ಯಾವಾಗ ಕೊಡ್ತಾರೋ."

"ನನಗೆ ಹಸಿವಿಲ್ಲ." ನಾನು ಚಾಚಿದ ಎಡಗೈ ನೋಡಿ, "ಎರಡೂ ಕೈಲಿ ಹಿಡೀರಿ. ಮುಚ್ಚಳ ಸಡಿಲ ಇದೆ," ಎಂದಳು.

ಬಲಗೈ ಬಿಚ್ಚದೆ ವಿಧಿಯಿರಲಿಲ್ಲ. ಬಿಚ್ಚಿದೆ. ಅಂಗೈ ನಡುವೆ ಅಂಟಿನ ಕಲೆ, ಅದರಲ್ಲಿ ಹೂತ ಲವಂಗ. ಅವಳು ಅದನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ದನಿ ತಗ್ಗಿಸಿದಳು.

"ಹೊರಗಿನವರು ಯಾರಾದ್ರೂ ಬಂದಿದ್ರಾ ಅಂತ ಕೇಳಿದ್ರು. ಇಲ್ಲ ಅಂದೆ. ಎರಡು ವರ್ಷದಿಂದ ತಿಂಗಳು ತಿಂಗಳೂ ಬಂದು, ಚಿತ್ರಗಳ ಗಾಜು ಒರೆಸಿ, ಅಡುಗೆಮನೇಲಿ ಕೂತು ಉಂಡು ಹೋಗೋರನ್ನ ಹೊರಗಿನವರು ಅಂತಾರಾ ಅಮ್ಮ? ಅಕ್ಕನಿಗೆ ಹೇಳಬೇಡ ಗುಬ್ಬಿ, ಬೈತಾಳೆ ಅಂತಿದ್ರು. ಹೇಳಿಲ್ಲ."

ಇನ್ಸ್‌ಪೆಕ್ಟರ್ ಎಲ್ಲಿದ್ದಾನೆಂದು ತಿರುಗಿ ನೋಡಿದೆ.

"ಇವತ್ತು ಮಾಡಿದ್ದು, ನಿಮ್ಮ ತಮ್ಮನಿಗೆ," ಎಂದಳು. "ಅವತ್ತೂ ಬೆಳಗ್ಗೆಯಿಂದ ಒಬ್ಬರೇ ಕೂತು ಚಿತ್ರಗಳ ಕೆಲಸ ಮಾಡ್ತಿದ್ರು. ಬಡಿಸಿ ಹಿತ್ತಲಿಗೆ ಹೋಗಿದ್ದೆ. ಸದ್ದು ಕೇಳಿ ಒಳಗೆ ಬಂದ್ರೆ ತಟ್ಟೇಲಿ ಅರ್ಧ ಊಟ ಹಾಗೇ ಇತ್ತು, ಅವರಿರಲಿಲ್ಲ. ಹೆದರಿಬಿಟ್ರೋ ಏನೋ, ಪಾಪ. ರಕ್ತ ಕಂಡ್ರೆ ಆಗಲ್ಲ ಅವರಿಗೆ."

ಸದ್ದು ಕೇಳಿ ಅವನು ಊಟ ಬಿಟ್ಟು ಎದ್ದನೋ, ಅವನು ಎದ್ದು ಹೋದ ಮೇಲೆ ಸದ್ದಾಯಿತೋ? ಅದನ್ನು ಹೇಳಬಲ್ಲವನು ಒಬ್ಬನೇ. ಅವನು ಈ ಹೊತ್ತಿನಲ್ಲಿ ನಮ್ಮ ಅಂಗಡಿಯಲ್ಲಿ ಅಂಟು ಕುದಿಸುತ್ತ ನನ್ನ ದಾರಿ ನೋಡುತ್ತಿದ್ದ.

"ಬಾಮ್ಮ, ಹೊತ್ತಾಯ್ತು," ಎಂದು ಪೊಲೀಸಿನವನು ಕರೆದ.

ಗುಬ್ಬಿ ಡಬ್ಬಿಯ ತಳವನ್ನು ತನ್ನ ತೋಳಿಗೆ ಒಮ್ಮೆ ಒರೆಸಿ, ಲವಂಗ ಕಾಣದಂತೆ ಅದನ್ನು ನನ್ನ ಅಂಗೈ ಮೇಲಿಟ್ಟಳು.